ನನಗೆ ಬರಬೇಕಿದ್ದ ಡಾವ

ನಾನು ಹಟಮಾರಿ ಅಂತ ನಮ್ಮ ಊರು ಹೇಳುತ್ತದೆ. ಹೇಳಲಿ ಬಿಡಿ, ಸುಳ್ಳೇನಲ್ಲ. ಒಂದು ಡಾವಕ್ಕಾಗಿ ಎಂಟು ವರ್ಷ ಕಾದವನು ನಾನು. ಕಾದು ಕಾದು ಸಾಕಾಗಿ ಬೇವೂರಿನಿಂದ ಗಂಗಾವತಿಗೆ ಹೋಗಿ ಅದನ್ನು ಕೇಳಿ ಪಡೆದವನು. ಡಾವ ಅಂದರೆ ಏನೋ ಆಸ್ತಿ ಅಂದುಕೊಳ್ಳಬೇಡಿ. ಚಿಣಿದಾಂಡು ಆಟದಲ್ಲಿ ದಾಂಡು ಹಿಡಿದು ಹೊಡೆಯುವ ಸರದಿಗೆ ನಮ್ಮ ಕಡೆ ಡಾವ ಅನ್ನುತ್ತಾರೆ. ‘ಇಷ್ಟಕ್ಕ ಅಷ್ಟು ದೂರ ಹೋಗಿದ್ರೇನು?’ ಅಂತ ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಹೌದು, ಇಷ್ಟಕ್ಕೇ ಹೋಗಿದ್ದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಗೇಣುದ್ದದ ಜಾಲಿ ಕಟ್ಟಿಗೆಯ ಎರಡೂ ತುದಿ ಚೂಪು ಮಾಡಿದರೆ ಅದು ಚಿಣಿ. ಮೊಳಕ್ಕಿಂತ ತುಸು ಉದ್ದದ ಕೋಲು ದಾಂಡು. ನೆಲದಲ್ಲಿ ಒಂದು ಗುಳಿ. ಒಬ್ಬ ಚಿಣಿಯನ್ನು ಚಿಮ್ಮಿಸಿ ದಾಂಡಿನಿಂದ ಹೊಡೆಯುತ್ತಾನೆ, ಉಳಿದವರು ದೂರ ನಿಂತು ಕಾಯುತ್ತಾರೆ. ಚಿಣಿ ನೆಲ ಮುಟ್ಟುವ ಮೊದಲೇ ಯಾರಾದರೂ ಹಿಡಿದರೆ ಹೊಡೆದವನು ‘ಸತ್ತ’. ಬೇರೆ ಕಡೆ ಔಟು ಅನ್ನುತ್ತಾರಲ್ಲ, ನಮ್ಮಲ್ಲಿ ಅದಕ್ಕೆ ಸತ್ತ ಅನ್ನುವುದು. ಸತ್ತವನು ದಾಂಡು ಕೆಳಗಿಟ್ಟು, ಹಿಡಿದವನಿಗೆ ಡಾವ ಕೊಡಬೇಕು. ದಿನಕ್ಕೆ ಹತ್ತು ಸಲ ಸಾಯುತ್ತಿದ್ದೆವು, ಹತ್ತು ಸಲ ಎದ್ದು ಬರುತ್ತಿದ್ದೆವು. ಈ ‘ಸತ್ತ’ ಅನ್ನುವ ಮಾತನ್ನು ನೆನಪಿಡಿ. ನನಗೆ ಜೀವಮಾನವಿಡೀ ಗಂಟುಬಿದ್ದದ್ದು ಅದೇ ಮಾತು.

ಯಾರೂ ಹಿಡಿಯದಿದ್ದರೆ, ಚಿಣಿ ಬಿದ್ದ ಜಾಗದಿಂದ ಗುಳಿಯವರೆಗೆ ದಾಂಡಿನಿಂದ ಅಳೆಯುವುದು. ಅದಕ್ಕೂ ಒಂದು ಬೇರೆಯೇ ಎಣಿಕೆ ಇತ್ತು: ವಕಟ, ಲೇಂಡ, ಮೂಂಡ, ನಾಲ, ಆರ, ಬೇದ, ಝಲ್. ಏಳು ಮುಗಿದರೆ ಮತ್ತೆ ವಕಟ. ಅದು ಕನ್ನಡವಲ್ಲ, ಪೂರಾ ಮರಾಠಿಯೂ ಅಲ್ಲ, ನಡುವೆ ತೆಲುಗು ಎಷ್ಟು ಸೇರಿತ್ತೋ ಯಾರಿಗೆ ಗೊತ್ತು. ಎಣಿಕೆ ಯಾವ ಮಾತಿಗೆ ನಿಲ್ಲುತ್ತದೋ ಮುಂದಿನ ಹೊಡೆತ ಆ ಪ್ರಕಾರ. ವಕಟಕ್ಕೆ ನಿಂತರೆ ಚಿಣಿಯನ್ನು ಪಾದದ ಮೇಲಿಟ್ಟು ಚಿಮ್ಮಬೇಕು, ಮೂಂಡಕ್ಕೆ ನಿಂತರೆ ಮುಷ್ಟಿಯ ಮೇಲಿಟ್ಟು. ಎಲ್ಲಕ್ಕಿಂತ ಕಷ್ಟದ್ದು ಆರ. ಮುಖ ಮೇಲೆತ್ತಿ, ಒಂದು ಕಣ್ಣು ಮುಚ್ಚಿ, ಮುಚ್ಚಿದ ಕಣ್ಣಿನ ಮೇಲೆ ಚಿಣಿ ಇಟ್ಟುಕೊಂಡು, ತಲೆ ಜಾಡಿಸಿ ಅದನ್ನು ಗಾಳಿಗೆ ಹಾರಿಸಿ, ತೆರೆದಿದ್ದ ಒಂದೇ ಕಣ್ಣಿನಿಂದ ನೋಡಿ ಹೊಡೆಯಬೇಕು. ಆರಕ್ಕೆ ಬಂತೆಂದರೆ ಮೀಸೆ ಮೂಡಿದ ಹುಡುಗರಿಗೂ ಬೆವರಿಳಿಯುತ್ತಿತ್ತು.

ಈ ಎಣಿಕೆ ನಮ್ಮ ನಾಲಿಗೆಗೆ ಎಷ್ಟು ಹತ್ತಿತ್ತೆಂದರೆ, ಒಂದು ದಿನ ಶಾಲೆಯಲ್ಲಿ ನನ್ನ ಮಾನವೇ ಹೋಯಿತು. ನಿಜಾಮರ ಕಾಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಬಯಲಿನಲ್ಲಿ ಈ ವಕಟ-ಲೇಂಡ. ಮಾಸ್ತರರು ಹಲಗೆಯ ಮೇಲೆ ಐದು ಗೆರೆ ಎಳೆದು, ಎಣಿಸು ಅಂತ ನನ್ನನ್ನು ಎಬ್ಬಿಸಿದರು. ನಾನು ನಿದ್ದೆಗಣ್ಣಿನಲ್ಲಿ ಎದ್ದು ವಕಟದಿಂದ ಶುರುಮಾಡಿ ಕೊನೆಗೆ ಜೋರಾಗಿ ‘ಆರ!’ ಅಂದೆ. ನಮ್ಮ ಆಟದಲ್ಲಿ ಐದನೆಯದೇ ಆರ. ಮಾಸ್ತರರಿಗೇನು ಗೊತ್ತು?

"ಐದ್ ಗೆರಿಗಿ ಆರ್ ಅಂತೀಯೇನಲೇ ಗಧೇ!" ಅಂತ ಕಿವಿ ಹಿಂಡಿದರು.

"ಸರಿ ಐತ್ರಿ, ಚಿಣಿ ಕಣ್ಣಿನ ಮ್ಯಾಲೆ ಬರ್ತೈತ್ರಿ," ಅಂದೆ ನಾನು. ಎರಡನೆಯ ಕಿವಿಯನ್ನೂ ಹಿಂಡಿದರು.

ನನ್ನ ಅಪ್ಪ ಬೇವೂರಿನ ಬಡಿಗ. ಕೂರಿಗೆ, ಕುಂಟೆ, ನೇಗಿಲು, ಬಂಡಿಯ ಗಾಲಿ, ಊರಿಗೆಲ್ಲ ಅಪ್ಪನದೇ ಕೈ. ನನಗೂ ಅದೇ ಕೆಲಸ ಬರುತ್ತದೆ ಅಂತ ಯಾರೂ ಕೂತು ಗೊತ್ತುಮಾಡಿರಲಿಲ್ಲ, ಗೊತ್ತುಮಾಡುವ ಅಗತ್ಯವೇ ಇರಲಿಲ್ಲ. ಎಂಟು ವರ್ಷದವನಿರುವಾಗಲೇ ನನಗೊಂದು ಸಣ್ಣ ಬಾಚಿ ಮಾಡಿಸಿಕೊಟ್ಟಿದ್ದ. ಊರ ಹುಡುಗರಿಗೆ ಬೇಕಾದ ಚಿಣಿಗಳನ್ನು ನಾನೇ ಕೆತ್ತುತ್ತಿದ್ದೆ. ಬಾಚಿಯಿಂದ ಕೆತ್ತುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ದಾಂಡಿನಿಂದ ಹೊಡೆಯುವುದರಲ್ಲಿ ಮಾತ್ರ ನನ್ನನ್ನು ಮೀರಿಸುವ ದೋಸ್ತ ಒಬ್ಬ ಇದ್ದ.

ಅವನು ನಮ್ಮ ಹಿಂದಿನ ಓಣಿಯವನು. ಅವನ ಅಪ್ಪ ಅವ್ವ ಇಬ್ಬರೂ ಗೌಡರ ಹೊಲದಲ್ಲಿ ದುಡಿಯುತ್ತಿದ್ದರು. ನನಗಿಂತ ಒಂದು ವರ್ಷ ದೊಡ್ಡವ, ಒಂದು ಗೇಣು ಎತ್ತರ. ದಾಂಡು ಅವನ ಕೈಗೆ ಸಿಕ್ಕಿತೆಂದರೆ ಮುಗಿಯಿತು, ಸಾಯುವ ಮಾತೇ ಇಲ್ಲ. ಹೊಡೆದ ಚಿಣಿ ಜಾಲಿಗಿಡ ದಾಟಿ ಹೋಗುತ್ತಿತ್ತು. ನಮ್ಮಲ್ಲಿ ಡಾವ ಒಂದು ದಿನಕ್ಕೆ ಮುಗಿಯುವುದಿಲ್ಲ. ಇವತ್ತು ಸಾಯದವನು ನಾಳೆ ಅಲ್ಲಿಂದಲೇ ಶುರುಮಾಡುತ್ತಾನೆ. ಹಾಗೆ ಅವನು ಮೂರು ದಿನದಿಂದ ಹೊಡೆಯುತ್ತಿದ್ದ, ನಾನು ಮೂರು ದಿನದಿಂದ ಮುಳ್ಳಿನಲ್ಲಿ ಕೈಹಾಕಿ ಚಿಣಿ ಆರಿಸುತ್ತಿದ್ದೆ. ಉಳಿದ ಹುಡುಗರು ಬೇಸತ್ತು ಮನೆಗೆ ಹೋದರು. ನಾನು ಹೋಗಲಿಲ್ಲ. ಹೇಳಿದೆನಲ್ಲ, ಹಟಮಾರಿ.

ಜೋಳದ ರಾಶಿ ಮುಗಿದಿತ್ತು. ಖಾಲಿ ಕಣದಲ್ಲಿ ನಾವಿಬ್ಬರೇ. ಹೊತ್ತು ಪಡುವಣಕ್ಕೆ ವಾಲಿತ್ತು, ನಾನು ಅದಕ್ಕೆ ಎದುರಾಗಿ ನಿಂತಿದ್ದೆ. ಅವನು ಹೊಡೆದ. ಚಿಣಿ ದೂರ ಹೋಗದೆ ಎತ್ತರಕ್ಕೆ ಹೋಯಿತು. ಅಂಥ ಹೊಡೆತ ಅವನಿಂದ ಮೂರು ದಿನದಲ್ಲಿ ಅದೊಂದೇ. ‘ಇವತ್ತು ಸಿಕ್ಕಿ ಮಗನ’ ಅಂದುಕೊಂಡು ಅದರ ಕೆಳಗೆ ಓಡಿದೆ. ಬಿಸಿಲಿನಲ್ಲಿ ಚಿಣಿ ಕಾಣದಾಯಿತು. ಕಂಡಾಗ ಅದು ನನ್ನ ಎಡಗಣ್ಣಿಗೆ ಬಂದಾಗಿತ್ತು.

ಕೂತುಬಿಟ್ಟೆ. ನೋವು ಆಮೇಲೆ ಬಂತು. ಮೊದಲು ಬಂದದ್ದು ಇನ್ನೊಂದು: ಕಣ್ಣಿಗೆ ಬಡಿದ ಚಿಣಿ ಎದೆಯ ಮೇಲೆ ಉರುಳಿ, ನನ್ನ ಅಂಗಿಯ ಉಡಿಯಲ್ಲಿ ಬಿದ್ದ ಹಾಗಾಯಿತು. ನೆಲ ಮುಟ್ಟಿಲ್ಲ! ಅವನು ಸತ್ತ! ಮುಖ ಮುಚ್ಚಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ, "ಸತ್ತ! ಸತ್ತ! ಸತ್ತ!" ಅಂತ ಚೀರಿದೆ.

ಬಾವಿಯ ಹತ್ತಿರ ನೀರಿಗೆ ಬಂದಿದ್ದ ಹೆಂಗಸರ ಕಿವಿಗೆ ಬಿದ್ದದ್ದು ಆ ಮಾತು. ಅವರಿಗೆ ಕಂಡದ್ದು, ಬೆರಳುಗಳ ನಡುವೆ ರಕ್ತ ಸುರಿಯುತ್ತಿದ್ದ ಒಬ್ಬ ಹುಡುಗ. ಮಾತು ಅವರ ಬಾಯಿಂದ ಓಣಿಗೆ ಹೋಗಿ, ಓಣಿಯಿಂದ ನಮ್ಮ ಮನೆ ಮುಟ್ಟುವುದರೊಳಗೆ ‘ಬಡಿಗ್ಯಾರ ಹುಡುಗ ಸತ್ತ’ ಅಂತ ಆಗಿತ್ತು. ಅವ್ವ ಎದೆ ಬಡಿದುಕೊಳ್ಳುತ್ತ ಬಂದಳು. ಬಂದು ನೋಡಿದರೆ ಸತ್ತ ಮಗ ಗಟ್ಟಿಯಾಗಿ ಕೂತು, "ನನ್ನ ಡಾವ ಕೊಡಲೇ!" ಅಂತ ಬೈಯುತ್ತಿದ್ದಾನೆ. ಬೆನ್ನಿಗೆ ಎರಡು ಗುದ್ದಿ ಅಪ್ಪಿಕೊಂಡು ಅತ್ತಳು.

ದೋಸ್ತ ಅಲ್ಲಿರಲಿಲ್ಲ. ಚಿಣಿಯೂ ಇರಲಿಲ್ಲ. ನಾನು ಉಡಿ ತಡವಿದೆ, ನೆಲ ತಡವಿದೆ, "ಚಿಣಿ ಎಲ್ಲೈತಿ ನೋಡ್ರೀ" ಅಂತ ಎಲ್ಲರನ್ನೂ ಕೇಳಿದೆ. ಕಣ್ಣು ಹೋಗುತ್ತಿರುವಾಗ ಚಿಣಿ ಕೇಳುತ್ತಾನೆ, ಹುಡುಗನಿಗೆ ತಲೆಗೂ ಪೆಟ್ಟಾಗಿದೆ ಅಂತ ಮಂದಿ ಮಾತಾಡಿಕೊಂಡರು. ಆದರೆ ಲೆಕ್ಕ ಎಷ್ಟು ಸರಳ ಇತ್ತು ನೋಡಿ. ಚಿಣಿ ಉಡಿಯಲ್ಲಿದ್ದರೆ ಅವನು ಸತ್ತ, ಡಾವ ನನ್ನದು. ನೆಲಕ್ಕೆ ಬಿದ್ದಿದ್ದರೆ ಡಾವ ಇನ್ನೂ ಅವನದೇ. ನೋಡಿದವನು ಅವನೊಬ್ಬನೇ, ಅವನು ಓಡಿಹೋಗಿದ್ದ. ಓಡಿದವನು ತಳಕಲ್ಲಿನ ಅತ್ತೆಯ ಮನೆ ಮುಟ್ಟುವವರೆಗೆ ಹಿಂತಿರುಗಿ ನೋಡಲಿಲ್ಲವಂತೆ. ಅಲ್ಲಿಂದ ಅವನ ಅಪ್ಪ ಅವನನ್ನು ಗಂಗಾವತಿಯ ಸೋದರಮಾವನ ಮನೆಗೆ ಕಳಿಸಿದ. ಒಂದೆರಡು ತಿಂಗಳಿಗೆ ಮನೆ ಮಂದಿಯೆಲ್ಲ ಅಲ್ಲಿಗೇ ಹೋದರು.

ನನ್ನ ಕಣ್ಣಿಗೆ ಮೊದಲು ಬಾಣಂತಿಯ ಹಾಲು ಹಾಕಿದರು, ಎಲೆ ಕಟ್ಟಿದರು. ಮೂರನೆಯ ದಿನ ಬಂಡಿ ಹೂಡಿ ಕೊಪ್ಪಳದ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಬಹಳ ಹೊತ್ತು ನೋಡಿ ಅಪ್ಪನಿಗೆ ಉರ್ದುವಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಅಪ್ಪ ನನಗೆ ಹೇಳಲಿಲ್ಲ. ಹೊರಗೆ ಬಂದು ಬಿಸಿ ಬಿಸಿ ಮಿರ್ಚಿ ಭಜಿ ಕೊಡಿಸಿದ, ತಾನೊಂದನ್ನೂ ಮುಟ್ಟಲಿಲ್ಲ. ಅಪ್ಪ ಮಿರ್ಚಿ ಬಿಟ್ಟವನಲ್ಲ. ಆಗ ನನಗೆ ತಿಳಿಯಿತು.

ಒಂದು ಕಣ್ಣು ಹೋದರೆ ಅರ್ಧ ಕಾಣುವುದಿಲ್ಲ ಅಂತ ಮಂದಿ ತಿಳಿಯುತ್ತಾರೆ. ಅದಲ್ಲ ತೊಂದರೆ. ಎಲ್ಲವೂ ಕಾಣುತ್ತದೆ, ಆದರೆ ಯಾವುದು ಎಷ್ಟು ದೂರ ಅಂತ ತಿಳಿಯುವುದಿಲ್ಲ. ತಂಬಿಗೆಗೆ ನೀರು ಸುರಿದರೆ ಪಕ್ಕದ ನೆಲಕ್ಕೆ ಬೀಳುತ್ತಿತ್ತು. ಹೊಸ್ತಿಲು ಎಡವುತ್ತಿದ್ದೆ. ರೊಟ್ಟಿಗೆ ಚಾಚಿದ ಕೈ ಚಟ್ನಿಯೊಳಗೆ ಹೋಗುತ್ತಿತ್ತು. ಅಪ್ಪ ನನ್ನ ಬಾಚಿಯನ್ನು ಎತ್ತಿ ಜಂತಿಗೆ ಸಿಕ್ಕಿಸಿಟ್ಟ.

"ಬಾಚಿಗಿ ಎರಡ ಕಣ್ಣ ಬೇಕೋ ತಮ್ಮಾ," ಅಂದ. "ಒಂದ ಬೆರಳ ತಪ್ಪಿದ್ರ ಪಾದ ಹೋಗತೈತಿ. ಹನುಮಸಾಗರಕ್ಕ ನಿಮ್ಮ ದೊಡ್ಡಪ್ಪನ ಕಡೆ ಕಳಸ್ತೀನಿ. ಕುರಿ ಕಾಯಾಕ ಒಂದ ಕಣ್ಣ ಸಾಕು."

ಕುರಿ ಕಾಯುವುದು ಕೀಳೆಂದಲ್ಲ. ಆದರೆ ‘ಸಾಕು’ ಅಂದನಲ್ಲ, ಆ ಮಾತು ನನ್ನ ಎದೆಗೆ ಚುಚ್ಚಿತು. ಬಯಲಿಗೆ ಹೋದರೆ ಅಲ್ಲಿಯೂ ಅದೇ ಕಥೆ. ಹುಡುಗರು ನನ್ನನ್ನು ಆಟಕ್ಕೆ ಸೇರಿಸಿಕೊಂಡರು, ಸೇರಿಸಿಕೊಳ್ಳಲಿಲ್ಲ ಅನ್ನಲಾರೆ. ನನಗೆ ಕೇಳುವ ಹಾಗೆಯೇ "ಅವನ ಕಡೆ ಮೆಲ್ಲಕ ಹೊಡೀರಲೇ" ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ದಾಂಡು ನನ್ನ ಕೈಗೆ ಕೊಟ್ಟರು. ನಾನು ಹೊಡೆದದ್ದನ್ನು ಒಬ್ಬ ಸಲೀಸಾಗಿ ಹಿಡಿದ. ನಾನು ದಾಂಡು ಇಡಲು ಬಗ್ಗಿದರೆ, "ಇರ್ಲಿ ಇರ್ಲಿ, ನೀ ಸತ್ತಿಲ್ಲ, ಇನ್ನೊಂದ ಹೊಡಿ" ಅಂದರು. ಮತ್ತೆ ಹಿಡಿದರು. ಮತ್ತೆ ಸತ್ತಿಲ್ಲ. ಎಷ್ಟು ಸಿಟ್ಟು ಬಂತೆಂದರೆ ದಾಂಡನ್ನು ಅವರ ಕಾಲಿನ ಮೇಲೆ ಒಗೆದು ಬಂದೆ. ಸಾಯಲಿಕ್ಕೂ ಬಿಡದಿದ್ದರೆ ಅವನು ಆಟದಲ್ಲಿದ್ದಾನೆ ಅಂತ ಹೇಗೆ ಹೇಳುತ್ತೀರಿ? ಅವತ್ತು ಮನೆಯಲ್ಲಿ ಉಣ್ಣಲೂ ಇಲ್ಲ.

ಮರುದಿನದಿಂದ ಹಿತ್ತಲಿನಲ್ಲಿ ಒಬ್ಬನೇ ಶುರುಮಾಡಿದೆ. ಚಿಣಿ ಚಿಮ್ಮಿಸುವುದು, ದಾಂಡು ಬೀಸುವುದು, ತಪ್ಪುವುದು. ಚಿಮ್ಮಿಸುವುದು, ತಪ್ಪುವುದು. ಅಜ್ಜಿ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. "ನನ್ನ ಮೊಮ್ಮಗ ಗಾಳೀನ ಹೊಡದ ಹೊಡದ ಹಣ್ಣ ಮಾಡ್ಯಾನ ನೋಡ್ರೇ!" ಅಂತ ನೆರೆಯವರನ್ನು ಕರೆದು ತೋರಿಸುತ್ತಿದ್ದಳು. ತೋರಿಸಲಿ ಅಂತ ಇನ್ನೂ ಜೋರಾಗಿ ಬೀಸುತ್ತಿದ್ದೆ. ಮುಂಗಾರಿನ ಬಿತ್ತಿಗೆ ಆಯಿತು, ಸಾಲಿನ ನಡುವೆ ಎಡೆ ಹೊಡೆದದ್ದಾಯಿತು, ನನಗೆ ಹತ್ತರಲ್ಲಿ ಒಂದು ತಾಗತೊಡಗಿತು. ತಲೆಯನ್ನು ತುಸು ಬಲಕ್ಕೆ ವಾರೆ ಮಾಡಿ ಆ ಕಡೆ ಈ ಕಡೆ ಆಡಿಸಿದರೆ ಹತ್ತಿರದ್ದು ಯಾವುದು ದೂರದ್ದು ಯಾವುದು ಅಂತ ತಿಳಿಯುತ್ತದೆ ಅನ್ನುವುದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ಚಿಣಿ ಹೇಳಿಕೊಟ್ಟಿತು. ನೆಲದ ಮೇಲಿನ ನೆರಳು ನೋಡುವುದನ್ನು ಕಲಿತೆ. ಕಿವಿಯಿಂದ ನೋಡುವುದನ್ನೂ ಕಲಿತೆ. ಚಿಣಿ ಒಣ ಮಣ್ಣಿಗೆ ಬಿದ್ದರೆ ಟಪ್ ಅನ್ನುತ್ತದೆ, ಜೋಳದ ಒಣ ಸೊಪ್ಪೆಗೆ ಬಿದ್ದರೆ ಸರ್ ಅನ್ನುತ್ತದೆ, ಹಿಡಿದವನ ಅಂಗೈಗೆ ಬಿದ್ದರೆ ಚಟ್ ಅನ್ನುತ್ತದೆ. ಕಣ್ಣು ಮುಚ್ಚಿ ಕೂತರೂ ಇದನ್ನು ನಾನು ಇವತ್ತಿಗೂ ಹೇಳಬಲ್ಲೆ.

ದೀಪಾವಳಿಯ ಹೊತ್ತಿಗೆ ಹತ್ತರಲ್ಲಿ ಎಂಟು ತಾಗುತ್ತಿತ್ತು. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಜಂತಿಯಿಂದ ಬಾಚಿ ಇಳಿಸಿಕೊಂಡೆ. ಒಂದು ಜಾಲಿ ತುಂಡಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಕೆತ್ತಲು ಕೂತೆ. ಅಪ್ಪ ತುತ್ತು ಬಿಟ್ಟು ಎದ್ದು ಬಂದು ಹಿಂದೆ ನಿಂತದ್ದು ನನಗೆ ಗೊತ್ತಾಯಿತು, ನಾನು ತಲೆ ಎತ್ತಲಿಲ್ಲ. ಕೈ ನಡುಗಿದರೆ ಹನುಮಸಾಗರವೇ ಗತಿ ಅಂತ ತಿಳಿದಿತ್ತು. ತುದಿಯವರೆಗೆ ಕೆತ್ತಿ ಮುಗಿಸಿದೆ. ಅಪ್ಪ ಬಗ್ಗಿ ಗೆರೆಯ ಗುಂಟ ಬೆರಳು ಎಳೆದು ನೋಡಿದ.

"ಗೆರಿ ಉಳಿಸೀಯಲ್ಲೋ, ಒಂದ ಏಟೂ ದಾಟಿಲ್ಲ," ಅಂದ. ಆಮೇಲೆ ಕೈ ತೊಳೆಯಲು ಹೋಗುತ್ತ, "ನಾಳಿ ಕೂರಿಗಿ ದಿಂಡು ನೀನ ಕೆತ್ತು," ಅಂದ. ಕುರಿಯ ಮಾತು ಅಲ್ಲಿಗೆ ಮುಗಿಯಿತು.

ಬಡಿಗನಾದೆ. ಒಳ್ಳೆಯ ಬಡಿಗನೇ ಆದೆ, ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆದರೆ ಡಾವ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಮಂದಿ ನನಗೆ ಬುದ್ಧಿ ಹೇಳುತ್ತಿದ್ದರು, ಆ ಹುಡುಗನನ್ನು ಮಾಫ್ ಮಾಡಿಬಿಡು ಅಂತ. ಅವರ ಮಾತು ಕೇಳಿ ನನಗೆ ತಲೆ ಕೆಡುತ್ತಿತ್ತು. ಮಾಫ್ ಮಾಡಲು ಅವನೇನು ತಪ್ಪು ಮಾಡಿದ್ದ? ಹೊಡೆಯುವುದು ಅವನ ಕೆಲಸ, ಹಿಡಿಯುವುದು ನನ್ನ ಕೆಲಸ. ನನಗೆ ಬೇಕಿದ್ದದ್ದು ಒಂದೇ: ಅವತ್ತು ನಾನು ಹಿಡಿದೆನೋ ಇಲ್ಲವೋ. ಹಿಡಿದಿದ್ದರೆ ನನ್ನ ಕಣ್ಣು ಆಟದಲ್ಲಿ ಹೋಯಿತು. ಹಿಡಿಯದಿದ್ದರೆ ಸುಮ್ಮನೆ ಹೋಯಿತು. ಈ ಎರಡರ ನಡುವೆ ಎಷ್ಟು ಅಂತರವಿದೆ ಅಂತ ಆಟ ಆಡಿದವರಿಗೆ ಗೊತ್ತು.

ನನಗೆ ಇಪ್ಪತ್ತಾಗಿತ್ತು. ಗಂಗಾವತಿಯ ಕಡೆ ಗಾಲಿ ಕೆಲಸ ಬಹಳ ಇದೆ, ನೀರು-ರಾಡಿಯಲ್ಲಿ ಬಂಡಿಗಳು ಬೇಗ ಸವೆಯುತ್ತವೆ, ಒಂದು ಸುಗ್ಗಿಯ ಮಟ್ಟಿಗೆ ಬಾ ಅಂತ ಅಲ್ಲಿನ ಒಬ್ಬ ಬಡಿಗ ಹೇಳಿಕಳಿಸಿದ. ನಾನು ಆಗಲೇ ಚೀಲ ತುಂಬತೊಡಗಿದೆ. ಅಪ್ಪನಿಗೆ ನನ್ನ ಹೊಟ್ಟೆಯೊಳಗಿನದು ತಿಳಿಯದೇ ಇರುತ್ತದೆಯೇ?

"ಗಾಲಿ ಮಾಡಾಕ ಹೊಂಟೀಯೋ, ಜಗಳ ಮಾಡಾಕ ಹೊಂಟೀಯೋ?"

"ಡಾವ ತಗೊಳ್ಳಾಕ," ಅಂದೆ.

"ಇನ್ನೂ ಅದನ್ನ ಹಿಡಕೊಂಡು ಕುಂತೀಯಾ!" ಅಂತ ಅಪ್ಪ ಹಣೆ ಬಡಿದುಕೊಂಡ. ಬೆಳಿಗ್ಗೆ ಎದ್ದು ನೋಡಿದರೆ ಚೀಲದೊಳಗೆ ಉಳಿ ಬಾಚಿಗಳ ನಡುವೆ ಒಂದು ಹೊಸ ದಾಂಡು, ಒಂದು ಹೊಸ ಚಿಣಿ ಇದ್ದವು. ಅಪ್ಪ ಹೊರಗೆ ಎತ್ತಿಗೆ ಮೇವು ಹಾಕುತ್ತಿದ್ದ, ನನ್ನ ಕಡೆ ನೋಡಲಿಲ್ಲ.

ಕೊಪ್ಪಳದವರೆಗೆ ನಡೆದೆ. ಅಲ್ಲಿಂದ ಮೋಟಾರು. ಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಓಡಿಸತೊಡಗಿದ್ದರಲ್ಲ, ಅಂಥದು. ಏರು ಬಂದಲ್ಲೆಲ್ಲ ನಾವೇ ಇಳಿದು ನೂಕಬೇಕು. ಅರ್ಧ ದಾರಿ ನಾನು ಮೋಟಾರಿನಲ್ಲಿ ಹೋದೆ, ಅರ್ಧ ದಾರಿ ಮೋಟಾರು ನನ್ನಿಂದ ಹೋಯಿತು. ಗಂಗಾವತಿ ಮುಟ್ಟಿ ಕೆಲಸಕ್ಕೆ ಕೂತು, ಮೂರನೆಯ ದಿನ ಮಧ್ಯಾಹ್ನ ಕೇಳಿಕೊಂಡು ಅವನ ಮನೆಗೆ ಹೋದೆ.

ಕಾಲುವೆಯ ದಂಡೆಗೆ ಮನೆ. ಅವನ ಅವ್ವ ಹೊರಗೆ ಕೂತು ಅಕ್ಕಿ ಕೇರುತ್ತಿದ್ದಳು. ನನ್ನ ಬಿಳಿ ಬಿದ್ದ ಕಣ್ಣು ನೋಡಿದ್ದೇ ಮೊರ ಕೈಜಾರಿ ಅಕ್ಕಿ ಚೆಲ್ಲಿತು. ಗುರುತು ಹೇಳುವ ಅಗತ್ಯವೇ ಬೀಳಲಿಲ್ಲ.

"ಯಪ್ಪಾ, ನಮ್ಮ ಹುಡುಗ ಆಗ ಭಾಳ ಸಣ್ಣಾಂವ ಇದ್ದನೋ," ಅಂತ ಎದ್ದು ಕೈ ಮುಗಿದಳು. "ಅವಂಗ ಏನೂ ಮಾಡಬ್ಯಾಡ. ಒಂದ ಚೀಲ ಅಕ್ಕಿ ಕೊಡ್ತೀನಿ, ಒಯ್ಯಿ. ಎರಡ ಚೀಲ ಬೇಕಾದ್ರೂ ಒಯ್ಯಿ."

ಎಲ್ಲಿಲ್ಲದ ಸಿಟ್ಟು ಬಂತು. "ನಿನ್ನ ಅಕ್ಕಿ ಯಾರಿಗಿ ಬೇಕಬೇ ಯವ್ವಾ! ನನ್ನ ಡಾವ ಬರಬೇಕು. ಕರಿ ಅವನ್ನ!"

ಅವನು ಹಿತ್ತಲಿನಿಂದ ಬಂದ. ಮೊಣಕಾಲಿನವರೆಗೆ ರಾಡಿ, ದಪ್ಪ ಮೀಸೆ, ನನಗಿಂತ ಈಗಲೂ ಒಂದು ಗೇಣು ಎತ್ತರ. ನನ್ನ ಕೈಯಲ್ಲಿದ್ದ ದಾಂಡು ನೋಡಿದ. ಹೊಡೆಯಲು ಬಂದಿದ್ದೇನೆ ಅಂತ ತಿಳಿದಿರಬೇಕು, ತಲೆ ಬಗ್ಗಿಸಿ ನಿಂತುಬಿಟ್ಟ. ಹೊಡೆಸಿಕೊಳ್ಳಲು ತಯಾರಾಗಿಯೇ ನಿಂತ ಹಾಗಿತ್ತು.

"ನಡಿ ಗದ್ದಿಗಿ," ಅಂದೆ.

ಕೊಯ್ಲಾಗಿ ಒಣಗಿದ ಗದ್ದೆಯಲ್ಲಿ ನಿಂತು ಕೇಳಿದೆ. "ಮುಖ ನೋಡಿ ಹೇಳು. ಅವತ್ತ ಚಿಣಿ ನೆಲಕ್ಕ ಬಿದ್ದಿತ್ತೋ, ನನ್ನ ಉಡ್ಯಾಗ ಬಿದ್ದಿತ್ತೋ?"

ಅವನು ಮೊದಲ ಸಲ ನನ್ನ ಮುಖ ನೋಡಿದ. "ಉಡ್ಯಾಗ ಇತ್ತು," ಅಂದ. "ನಾ ಓಡಿ ಬಂದು ನೋಡಿದ್ನಲ್ಲ. ನಿನ್ನ ಉಡ್ಯಾಗ ರಗತದಾಗ ಬಿದ್ದಿತ್ತು. ನಾನ ತಗೊಂಡು ಬೇಲಿ ಆಚೀಗಿ ಒಗದೆ. ಚಿಣಿ ಸಿಗಲಿಲ್ಲಂದ್ರ ನಾ ಹೊಡದೀನ ಅಂತ ಯಾರೂ ಅನ್ನೂದಿಲ್ಲಂತ ತಿಳಕೊಂಡೆ. ಅಷ್ಟರಾಗ ಹೆಣ್ಮಕ್ಕಳು ಸತ್ತ ಸತ್ತ ಅಂತ ಅಳಕೋಂತ ಬಂದ್ರು. ಓಡಿದೆ. ಎಷ್ಟೋ ದಿನ ನೀ ಸತ್ತೀ ಅಂತಾನ ತಿಳಿದಿದ್ದೆ."

"ನಾ ಯಾಕ ಸಾಯ್ಲೋ! ಸತ್ತಾಂವ ನೀನು!"

ಒಂದು ಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಬಾಯಿ ನಗುವುದಕ್ಕೆ ಹೋಗಿ ಅಳುವುದಕ್ಕೆ ತಿರುಗಿತು. ಎಂಟು ವರ್ಷ! ನಾನು ಹಿಡಿದಿದ್ದೆ. ಬಿಸಿಲಿಗೆ ಎದುರಾಗಿ, ಕಣ್ಣು ಕೊಟ್ಟು, ಆದರೂ ಹಿಡಿದಿದ್ದೆ. ಅಲ್ಲಿಯೇ ಚೀಲದಿಂದ ಬಾಚಿ ತೆಗೆದು, ಅದರ ಮೂಲೆಯಿಂದ ನೆಲ ಅಗೆದು ಗುಳಿ ಮಾಡಿದೆ. "ಹೋಗಿ ಅಲ್ಲಿ ನಿಲ್ಲು. ಡಾವ ನಂದು," ಅಂದೆ.

ಮೊದಲ ಹೊಡೆತ ಚೆನ್ನಾಗಿ ಹೋಯಿತು. ಅವನಿಂದ ಹಿಡಿಯಲಾಗಲಿಲ್ಲ. ಚಿಣಿ ಬಿದ್ದಲ್ಲಿಂದ ಅವನೇ ದಾಂಡು ಹಾಕುತ್ತ ಅಳೆದುಕೊಂಡು ಬಂದ. "ವಕಟ, ಲೇಂಡ, ಮೂಂಡ..." ದಾರಿಯಲ್ಲಿ ಹೋಗುತ್ತಿದ್ದವರು ನಿಂತು, ಇಬ್ಬರು ಗಂಡಾಳುಗಳು ಇದೇನು ಮಾಡುತ್ತಿದ್ದಾರೆ ಅಂತ ನೋಡುತ್ತಿದ್ದರು. ಏಳರ ಸುತ್ತು ಎರಡು ಸಲ ಮುಗಿಯಿತು. ಮೂರನೆಯ ಸುತ್ತಿನಲ್ಲಿ ಗುಳಿಗೆ ಬಂದು ಮುಟ್ಟುವಾಗ ಅವನ ದನಿ ಸಣ್ಣಗಾಯಿತು. "ಮೂಂಡ, ನಾಲ... ಬೇದ," ಅಂದ.

"ಆರ ಎಲ್ಲಿ ಹೋತಲೇ? ಆರ ನುಂಗಿದ್ಯಾ?"

"ಆರ ಬ್ಯಾಡೋ. ನಿನಗ ಕೈ ಮುಗೀತೀನಿ, ಅದೊಂದ ಬ್ಯಾಡ. ಬೇದ ಹೊಡಿ."

"ಎಣಿಕಿ ಎಲ್ಲಿ ನಿಂತೈತೋ ಅದನ್ನ ಹೊಡಿಯಾಂವ ನಾನು. ಸರಿ ಅತ್ತಾಗ!"

ಮುಖ ಮೇಲೆತ್ತಿ ಚಿಣಿಯನ್ನು ಎಡಗಣ್ಣಿನ ಮೇಲೆ ಇಟ್ಟೆ. ದೂರ ಸರಿದು ನಿಂತಿದ್ದ ಅವನು ಮುಖ ತಿರುಗಿಸಿದ. ನನಗೆ ಆಗ ಒಂದು ವಿಚಾರ ಬಂದು ನಗು ಬಂತು. ಆರ ಹೊಡೆಯುವಾಗ ಎಲ್ಲರೂ ಒಕ್ಕಣ್ಣರೇ ಅಲ್ಲವೇ? ಎರಡು ಕಣ್ಣಿದ್ದವರು ಒಂದನ್ನು ಮುಚ್ಚಿ ತಡಬಡಿಸುತ್ತಾರೆ, ನಾನು ಎಂಟು ವರ್ಷದಿಂದ ದಿನವೂ ಅದನ್ನೇ ಮಾಡುತ್ತಿದ್ದೇನೆ. ಗಾಲಿಗೆ ಅರೆಕಡ್ಡಿ ಕೂಡಿಸಿದ್ದು, ದಿಂಡು ಕೆತ್ತಿದ್ದು, ತಂಬಿಗೆಗೆ ನೀರು ಸುರಿದದ್ದು, ಎಲ್ಲ ಆರವೇ. ಇಡೀ ಗಂಗಾವತಿಯಲ್ಲಿ ಈ ಹೊಡೆತಕ್ಕೆ ನನ್ನಷ್ಟು ತಯಾರಾದವರು ಯಾರೂ ಇರಲಿಲ್ಲ. ತಲೆ ಜಾಡಿಸಿದೆ, ಚಿಣಿ ಹಾರಿತು, ಹೊಡೆದೆ.

ಹೊಡೆತ ಬಿದ್ದ ಸಪ್ಪಳಕ್ಕೆ ಅವನು ತಿರುಗಿದ. ತಿರುಗಿದವನೇ ಹಳೆಯ ಹುಡುಗನಂತೆ ಓಡಿದ. ಕಾಲುವೆಯ ಹತ್ತಿರ, ನನ್ನ ಕಣ್ಣಿಗೆ ದೂರ ತಿಳಿಯದಷ್ಟು ಆಚೆ, ಎರಡು ಕೈ ಎತ್ತಿದ್ದು ಕಂಡಿತು. ಆಮೇಲೆ ಅವನು ಬಗ್ಗಿದ, ಎದ್ದ, ಚಿಣಿ ಹಿಡಿದುಕೊಂಡು ಬಂದ.

"ಬಿತ್ತು," ಅಂದ. "ನೆಲಕ್ಕ ಬಿತ್ತು. ನೀ ಸತ್ತಿಲ್ಲ. ಇನ್ನೊಂದ ಹೊಡಿ."

ನನ್ನ ಮೈಯೆಲ್ಲ ಉರಿಯಿತು. ಚಟ್ ಅಂದದ್ದು ನನಗೆ ಕೇಳಿತ್ತು. ಅಷ್ಟು ದೂರದಿಂದ ಕೇಳಿತ್ತು. ಅಂಗೈಯ ಸಪ್ಪಳ ಅದು. ಆಮೇಲೆ ಬೇಕೆಂದೇ ಬಿಟ್ಟು, ನೆಲದಿಂದ ಎತ್ತಿಕೊಂಡಿದ್ದ. ಬೇವೂರಿನ ಹುಡುಗರು ಮಾಡಿದ್ದನ್ನೇ ಇವನೂ ಮಾಡಿದ. ಎಂಟು ವರ್ಷ ಕಾದು ಬಂದದ್ದು ಇದಕ್ಕೇನು?

"ಕಣ್ಣ ಹೋಗೇತಲೇ, ಕಿವಿ ಹೋಗಿಲ್ಲ!" ಅಂತ ಅವನ ಅಂಗಿ ಹಿಡಿದುಕೊಂಡೆ. "ನೀ ಹಿಡದಿ. ನಾ ಸತ್ತೀನಿ. ಸತ್ತೀ ಅಂತ ಬಾಯಿ ಬಿಟ್ಟ ಹೇಳು!"

"ಬ್ಯಾಡೋ..."

"ಹೇಳಲೇ! ಆ ಮಾತ ಹೇಳಾಂವ ಯಾರೂ ಇಲ್ದ ಎಂಟ ವರ್ಷ ಆತು ನನಗ!"

ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಸತ್ತಿ," ಅಂದ. ಆಮೇಲೆ ಇನ್ನೊಮ್ಮೆ, ಮೊದಲಿನ ಹಾಗೆ ಗಟ್ಟಿಯಾಗಿ, "ನೀ ಸತ್ತಿ ಮಗನ!" ಅಂದ. ಅಷ್ಟು ಹಿತವಾದ ಮಾತನ್ನು ಅಲ್ಲಿಯವರೆಗೆ ಯಾರೂ ನನಗೆ ಆಡಿರಲಿಲ್ಲ.

ದಾಂಡನ್ನು ಗುಳಿಯ ಪಕ್ಕದಲ್ಲಿ ಇಟ್ಟೆ. "ತಗೋ, ಡಾವ ನಿಂದು," ಅಂದೆ. ಅವನು ಮುಟ್ಟಲಿಲ್ಲ. ಅವತ್ತಿನಿಂದ ದಾಂಡು ಹಿಡಿದೇ ಇಲ್ಲ, ಕೈ ಬರುವುದಿಲ್ಲ ಅಂದ. ನಾನು ಎತ್ತಿ ಅವನ ಕೈಗೆ ತುರುಕಿದೆ. "ಮೆಲ್ಲಕ ಹೊಡದ್ಯೋ, ಕಾಲ ಮುರಿದು ಕಾಲುವ್ಯಾಗ ಒಗೀತೀನಿ ನೋಡು," ಅಂತ ಹೇಳಿ, ಗದ್ದೆಯ ಆ ತುದಿಗೆ ನಡೆದುಹೋಗಿ ಬಿಸಿಲಿಗೆ ಎದುರಾಗಿ ನಿಂತೆ.

ಅವನು ಜೋರಾಗಿಯೇ ಹೊಡೆದ. ಚಿಣಿ ಎತ್ತರಕ್ಕೆ ಎದ್ದು ಬಿಸಿಲಿನಲ್ಲಿ ಕಾಣದಾಯಿತು. ನಾನು ಎರಡೂ ಕೈ ಚಾಚಿ ಅದರ ಕೆಳಗೆ ಓಡಿದೆ.